ಮಗಳು ಹೊರಟಳು, ನಿದ್ದೆ ಹೋಯಿತು, ಎಲೆ ಉದುರಿತು

ಈ ಶರತ್ಕಾಲಕ್ಕೆ ನನ್ನ ಮುಟ್ಟು ನಿಂತು ಒಂದು ವರ್ಷ ತುಂಬಿತು. ವೈದ್ಯರ ಲೆಕ್ಕದಲ್ಲಿ ಈಗ ಮೆನೋಪಾಸ್ ಆಯಿತು ಅನ್ನಬಹುದು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಹಾಗನ್ನುವುದು, ಅದೂ ಎಲ್ಲ ಮುಗಿದ ಮೇಲೆ ಹಿಂದಿನ ದಿನಗಳನ್ನು ಎಣಿಸಿ. ಕೊನೆಯ ಮುಟ್ಟು ಆಗುತ್ತಿರುವಾಗ ಇದೇ ಕೊನೆಯದು ಅಂತ ಯಾವ ಹೆಂಗಸಿಗೂ ಗೊತ್ತಿರುವುದಿಲ್ಲ.

ಇಲ್ಲಿಗೆ ಬರಲು ವರ್ಷಗಳೇ ಹಿಡಿದವು. ಎಲ್ಲಕ್ಕಿಂತ ಕಷ್ಟವಾಗಿದ್ದು ಮೊದಲ ಶರತ್ಕಾಲ. ಆಗ ಎಲ್ಲವೂ ಒಟ್ಟಿಗೇ ಬಂತು. ಮಗಳು ಓದಲು ಬೇರೆ ಊರಿಗೆ ಹೋದಳು, ನನ್ನ ಮೈಯಲ್ಲಿ ಏನೋ ಏರುಪೇರು ಶುರುವಾಯಿತು, ಹಗಲು ಗಿಡ್ಡವಾಗುತ್ತಾ ಸಂಜೆ ಬೇಗ ಕತ್ತಲಾಗತೊಡಗಿತು. ಕಿಟಕಿಯಾಚೆ ಇರುವ ಮರ ಹಳದಿಯಾಗುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ, "ಮಗಳು ಹೋಗಿದ್ದಾಳಲ್ಲ, ಅದಕ್ಕೇ." ಅದೊಂದೇ ಕಾರಣ ಅಲ್ಲ ಅಂತ ಗೊತ್ತುಮಾಡಿಕೊಳ್ಳಲು, ಗೊತ್ತಾದದ್ದನ್ನು ವೈದ್ಯರಿಗೆ ಅರ್ಥ ಮಾಡಿಸಲು ನಾನು ಪಟ್ಟ ಪಾಡು ಇನ್ನೊಬ್ಬರು ಪಡಬೇಕಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಹೊರಡುವ ಮೊದಲಿನ ತಿಂಗಳುಗಳಲ್ಲಿ ಬೇರೆ ಯೋಚನೆಗೆ ಪುರುಸೊತ್ತೇ ಇರಲಿಲ್ಲ. ಅಂಕಪಟ್ಟಿ, ಪ್ರವೇಶ ಪತ್ರ, ಹಾಸ್ಟೆಲ್ ಅರ್ಜಿ, ಫೋಟೊಗಳು, ಬ್ಯಾಂಕ್ ಖಾತೆ, ಒಂದೊಂದರದ್ದೂ ಜೆರಾಕ್ಸ್. ಎಲ್ಲಾ ಜೋಡಿಸಿ ಫೈಲು ಮಾಡಿ ಕೈಗೆ ಕೊಟ್ಟರೆ, "ಅಮ್ಮಾ, ಇಷ್ಟೆಲ್ಲ ಬೇಡ, ಎಲ್ಲಾ ಫೋನಲ್ಲೇ ಇದೆ" ಅಂದಳು. ಆದರೂ ತಗೊಂಡು ಹೋದಳು. ಅವಳು ಹೋದ ಮೇಲೆ ನಾನು ಮೊದಲು ಗಮನಿಸಿದ್ದು ಬಚ್ಚಲಮನೆಯ ನೆಲ. ಬೆಳಗ್ಗೆ ಎದ್ದು ಹೋದರೆ ನೆಲ ಒಣಗಿಯೇ ಇರುತ್ತಿತ್ತು. ನನಗಿಂತ ಮೊದಲು ಎದ್ದು ನೀರು ಚೆಲ್ಲಿ, ಬಕೆಟ್ಟು ಅಡ್ಡ ಬಿಟ್ಟು ಹೋಗುವವರು ಯಾರೂ ಇರಲಿಲ್ಲ. ಅಲ್ಲೇ ಬಾಗಿಲು ಹಿಡಿದುಕೊಂಡು ಅತ್ತೆ.

ಆ ಅಳು ನನಗೆ ಅರ್ಥವಾಗುತ್ತಿತ್ತು. ಅರ್ಥವಾಗದೇ ಇದ್ದದ್ದು ರಾತ್ರಿಗಳು. ನಡುರಾತ್ರಿ ಕಳೆದ ಮೇಲೆ ತಟ್ಟನೆ ಎಚ್ಚರವಾಗುತ್ತಿತ್ತು. ಎದೆಯಿಂದ ಕುತ್ತಿಗೆಗೆ, ಅಲ್ಲಿಂದ ಕಿವಿಯ ಹಿಂದಕ್ಕೆ ಬಿಸಿ ಏರುತ್ತಿತ್ತು, ಒಲೆಯ ಮುಂದೆ ಮುಖ ಹಿಡಿದ ಹಾಗೆ. ಎದೆ ಡವಡವ. ಹೊದಿಕೆ ಒದ್ದು ಹಾಕಿದರೆ ಸ್ವಲ್ಪ ಹೊತ್ತಿಗೆ ಬೆವರು ಆರಿ ಚಳಿ. ಮತ್ತೆ ಹೊದ್ದುಕೊಳ್ಳುವುದು, ಮತ್ತೆ ಬಿಸಿ. ದಿಂಬಿನ ಕವರು ಒದ್ದೆ. ಬೆಳಗಾಗುವವರೆಗೆ ಹೀಗೇ. ಹಗಲಲ್ಲಿ ಮಾತಿನ ನಡುವೆ ಪದಗಳು ಸಿಗುತ್ತಿರಲಿಲ್ಲ. ಬೆರಳ ಗೆಣ್ಣು ನೋವು. ಮುಟ್ಟು ಒಂದು ತಿಂಗಳು ಬೇಗ, ಇನ್ನೊಂದು ತಿಂಗಳು ತಡ, ಆದರೆ ವಿಪರೀತ ರಕ್ತಸ್ರಾವ.

ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ಓದಲು ಆಗದೇ ಹೋದದ್ದು. ನಾನು ಚಿಕ್ಕಂದಿನಿಂದ ಓದುವವಳು. ಮಗು ಹೊಟ್ಟೆಯಲ್ಲಿದ್ದಾಗ ಓದಿದ್ದೇನೆ, ತೊಟ್ಟಿಲು ತೂಗುತ್ತಾ ಓದಿದ್ದೇನೆ. ಈಗ ಮನೆ ತುಂಬಾ ಸಮಯ ಇದೆ, ಪುಟ ತೆರೆದರೆ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಅದರ ಮೊದಲ ಸಾಲು ಮರೆತು ಹೋಗಿರುತ್ತಿತ್ತು. ನನಗೆ ಮರೆವಿನ ಕಾಯಿಲೆ ಶುರುವಾಯಿತಾ ಅಂತ ಗಂಡನನ್ನೂ ಕೇಳಲು ಧೈರ್ಯ ಬರಲಿಲ್ಲ.

ಮೊದಲು ಹೋದದ್ದು ಹತ್ತಿರದ ಒಬ್ಬ ವೈದ್ಯರ ಬಳಿಗೆ. ಕಾದು ಕೂತದ್ದು ಜಾಸ್ತಿ ಹೊತ್ತು, ಒಳಗಿದ್ದದ್ದು ಕೆಲವೇ ನಿಮಿಷ. ನಿದ್ದೆ ಬರುತ್ತಿಲ್ಲ, ಅಳು ಬರುತ್ತೆ ಅಂದೆ. ಮಕ್ಕಳೆಷ್ಟು ಅಂತ ಕೇಳಿದರು. ಒಬ್ಬಳೇ ಮಗಳು, ಈಗ ಹಾಸ್ಟೆಲಿನಲ್ಲಿದ್ದಾಳೆ ಅಂದೆ. ಅಷ್ಟೇ. "ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಅಂತ ನಿದ್ದೆಯ ಮಾತ್ರೆ ಬರೆದರು. ರಾತ್ರಿಯ ಬಿಸಿಯ ಬಗ್ಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಮನೆಗೆ ಬರುವ ದಾರಿಯಲ್ಲಿ ತುಂಬಾ ಸಿಟ್ಟು ಬಂತು. ಮಗಳನ್ನು ನೆನೆಸಿಕೊಂಡು ಅಳುವುದು ಒಂದು, ನಡುರಾತ್ರಿ ಮೈ ಸುಡುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಕಟ್ಟಿ ನನ್ನ ತಾಯ್ತನದ ಮೇಲೆ ಹೊರಿಸಿದ್ದು ನನಗೆ ಸಹಿಸಲಾಗಲಿಲ್ಲ.

ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ಮುಂದೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ, ಹಾಗಾಗಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪುಟವನ್ನು ಅಡ್ಡ ತಿರುಗಿಸಿ ಗೆರೆ ಎಳೆದೆ. ತಾರೀಕು, ಮುಟ್ಟು ಇದೆಯೋ ಇಲ್ಲವೋ, ಎಷ್ಟು ಪ್ಯಾಡ್ ಬದಲಿಸಿದೆ, ಬಿಸಿ ಎಷ್ಟು ಗಂಟೆಗೆ ಬಂತು, ನಿದ್ದೆ ಎಷ್ಟು, ಅತ್ತೆನಾ, ಅವತ್ತು ಮಗಳ ಫೋನ್ ಬಂದಿತ್ತಾ, ಹಗಲು ಹೊರಗೆ ಹೋಗಿದ್ದೆನಾ. ಉದ್ದುದ್ದ ಬರೆಯಬೇಕಾಗಿಲ್ಲ. ಹಾಸಿಗೆಯ ಪಕ್ಕದಲ್ಲೇ ಇಟ್ಟು ಕತ್ತಲಲ್ಲೇ ಗೀಚಿದ ಅಂಕಿಗಳು ಇವತ್ತಿಗೂ ಅದರಲ್ಲಿವೆ, ಒಂದರ ಮೇಲೊಂದು ಹತ್ತಿಕೊಂಡಿವೆ. ಆಮೇಲೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳನ್ನು ಅಳೆಯುವ ಗ್ರೀನ್ ಸ್ಕೇಲ್ ಅನ್ನುವ ಪ್ರಶ್ನಾವಳಿಯ ಬಗ್ಗೆ ಓದಿದೆ. 21 ಲಕ್ಷಣಗಳಿರುತ್ತವೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡಬೇಕು. ತಿಂಗಳಿಗೊಮ್ಮೆ ಅದನ್ನೂ ತುಂಬಿ ನೋಟ್‌ಬುಕ್ಕಿಗೆ ಪಿನ್ ಮಾಡಿದೆ. "ಏನೋ ಸರಿ ಇಲ್ಲ ಡಾಕ್ಟ್ರೇ" ಅನ್ನುವ ಮಾತಿಗೆ ಸಿಗದ ಗಮನ ಆ ಹಾಳೆಗೆ ಸಿಗುತ್ತದೆ. ಹೀಗಿರಬಾರದು, ಆದರೆ ಹೀಗೇ ಇದೆ.

ಓದಲು ಆಗದಿದ್ದರೂ ಓದಲೇಬೇಕಾಗಿತ್ತು. ಜೋರಾಗಿ ಓದಲು ಶುರುಮಾಡಿದೆ. ನನ್ನ ದನಿ ನನ್ನ ಕಿವಿಗೆ ಬಿದ್ದರೆ ಸಾಲು ಮರೆಯುತ್ತಿರಲಿಲ್ಲ. ಒಂದು ಪುಟ, ಮರುದಿನ ಇನ್ನೊಂದು ಪುಟ. ಕಥೆ ಕಾದಂಬರಿ ಬಿಟ್ಟು ಮೈಯ ಬಗ್ಗೆ ಓದಿದೆ. ಆಗ ತಿಳಿದದ್ದು, ಹೆಚ್ಚಿನ ಹೆಂಗಸರಿಗೆ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ, ಆದರೆ ಅದಕ್ಕೆ ಮೊದಲಿನ ಕೆಲವು ವರ್ಷಗಳೇ ಜಾಸ್ತಿ ಗೋಳು ಕೊಡುವುದು. ಪೆರಿಮೆನೋಪಾಸ್ ಅನ್ನುತ್ತಾರೆ. ಆಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಸುಮ್ನೆ ನಿಧಾನಕ್ಕೆ ಇಳಿಯುವುದಿಲ್ಲ, ಏರುತ್ತೆ, ಬೀಳುತ್ತೆ, ಮತ್ತೆ ಏರುತ್ತೆ. ಮೈಯ ಶಾಖವನ್ನು ಹದದಲ್ಲಿಡುವ ಮಿದುಳಿನ ಭಾಗ ಹೈಪೊಥಲಾಮಸ್. ಈಸ್ಟ್ರೋಜನ್ ಇಳಿದಾಗ ಅದು ಸಣ್ಣ ಬಿಸಿಯನ್ನೂ ಸಹಿಸದೆ, ಮೈ ಕಾದಿದೆ ಅಂದುಕೊಂಡು ರಕ್ತನಾಳ ಹಿಗ್ಗಿಸಿ ಬೆವರಿಸುತ್ತದೆ. ಅದು ಓದಿದ ರಾತ್ರಿಯೂ ಬಿಸಿ ಬಂತು. ಆದರೆ ಭಯ ಬರಲಿಲ್ಲ.

ಅಮೆರಿಕದಲ್ಲಿ 1990ರ ದಶಕದಲ್ಲಿ ಶುರುವಾದ ಸ್ವಾನ್ ಅನ್ನುವ ದೊಡ್ಡ ಅಧ್ಯಯನ ಇದೆ, ಅದೇ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ್ದು. ಪದೇಪದೇ ಬಿಸಿ ಬರುವವರಲ್ಲಿ ಅದು ಒಟ್ಟು ಎಷ್ಟು ಕಾಲ ಇರುತ್ತದೆ ಅಂತ ನೋಡಿದಾಗ ನಡುವಿನ ಅಂಕಿ 7.4 ವರ್ಷ ಬಂದಿತ್ತು. ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ, ಅವತ್ತು ಮತ್ತೆ ತೆರೆಯಲಿಲ್ಲ. ಆದರೆ ಅದೇ ಅಧ್ಯಯನ ನನಗೆ ಇನ್ನೊಂದು ವಿಷಯವನ್ನೂ ಕೊಟ್ಟಿತು. ಪೆರಿಮೆನೋಪಾಸಿನಲ್ಲಿ ಹೊಸದನ್ನು ಕಲಿತು ನೆನಪಿಟ್ಟುಕೊಳ್ಳುವುದು ಸ್ವಲ್ಪ ನಿಧಾನವಾಗುತ್ತದೆ, ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ಸರಿಹೋಗುತ್ತದೆ ಅಂತ. ಆ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟೆ. ನನ್ನ ಹಾಗೆ ಪುಟ ಹಿಡಿದುಕೊಂಡು ಹೆದರಿ ಕೂತವರು ಯಾರಾದರೂ ಇದ್ದರೆ ನೀವೂ ಬರೆದಿಟ್ಟುಕೊಳ್ಳಿ. ಮರೆವು ತೀರಾ ಹೆಚ್ಚುತ್ತಾ ಹೋದರೆ ಮಾತ್ರ ತೋರಿಸಲೇಬೇಕು, ಅದು ಬೇರೆ ಮಾತು.

ಸ್ತ್ರೀರೋಗ ತಜ್ಞರ ದಿನಾಂಕ ಸಿಗಲು ತಿಂಗಳುಗಳು ಬೇಕಾದವು. ಅಷ್ಟರಲ್ಲಿ ಎಲೆ ಪೂರ್ತಿ ಉದುರಿತ್ತು. ಸಂಜೆ ನಾಲ್ಕರ ನಂತರ ನನಗೆ ಏನೂ ಬೇಡವಾಗುತ್ತಿತ್ತು. ಫೋನ್ ಬಂದರೆ ಎತ್ತಲೂ ಬೇಜಾರು. ಇದು ರಾತ್ರಿಯ ಬಿಸಿಯಂತೆಯೂ ಇರಲಿಲ್ಲ, ಮಗಳ ನೆನಪಿನ ಅಳುವಿನಂತೆಯೂ ಇರಲಿಲ್ಲ. ಅಳುವೂ ಬರದ ಒಂದು ಭಾರ. ನೋಟ್‌ಬುಕ್ ನೋಡಿದರೆ, ಹೊರಗೆ ಹೋಗದ, ಮೋಡ ಕವಿದ ದಿನಗಳಲ್ಲಿ ಅದು ಜಾಸ್ತಿ. ಹಗಲು ಕಡಿಮೆಯಾದಾಗ ಮನಸ್ಸು ಕುಗ್ಗುವುದನ್ನು ನಾರ್ಮನ್ ರೋಸೆಂತಾಲ್ ಅನ್ನುವ ಮನೋವೈದ್ಯರು ಮತ್ತು ಜೊತೆಗಾರರು 1984ರಲ್ಲೇ ವಿವರಿಸಿ ಬರೆದಿದ್ದಾರೆ, ಋತುವಿನ ಜೊತೆ ಬಂದು ಹೋಗುವ ಖಿನ್ನತೆ ಅದು. ಇದಕ್ಕೆ 10,000 ಲಕ್ಸ್, ಅಂದರೆ ತುಂಬಾ ಪ್ರಖರವಾದ ಬೆಳಕು ಕೊಡುವ ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ಕಣ್ಣಿನ ತೊಂದರೆ ಇರುವವರು, ಬೈಪೋಲಾರ್ ಅನ್ನುವ ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು. ನಾನು ದೀಪ ಕೊಳ್ಳಲಿಲ್ಲ. ಮೋಡ ಇದ್ದರೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಎದ್ದ ಕೂಡಲೇ ಹೊರಗೆ ಹೋಗಿ ನಡೆಯುವುದು ಅಂತ ಇಟ್ಟುಕೊಂಡೆ. ಚಳಿಗೆ ಹೋಗಲು ಮನಸ್ಸಿರುತ್ತಿರಲಿಲ್ಲ. ಆದರೂ ಹೋಗುತ್ತಿದ್ದೆ.

ಆ ನಡಿಗೆಯಲ್ಲೇ ಮರವನ್ನು ಹತ್ತಿರದಿಂದ ನೋಡಿದ್ದು. ಎಲೆ ಯಾಕೆ ಉದುರುತ್ತದೆ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಗಾಳಿಗೆ ಉದುರುತ್ತೆ ಅಂದುಕೊಂಡಿದ್ದೆ. ಓದಿದೆ. ಹಗಲು ಚಿಕ್ಕದಾಗುವುದನ್ನು ಮರ ಗುರುತಿಸುತ್ತದೆ. ಎಲೆಯ ಹಸಿರು, ಅಂದರೆ ಕ್ಲೋರೊಫಿಲ್, ಒಡೆಯಲು ಶುರುವಾಗುತ್ತದೆ. ಅದು ಹೋದಾಗ ಮೊದಲಿನಿಂದಲೂ ಒಳಗೇ ಇದ್ದ ಹಳದಿ ಬಣ್ಣ ಕಾಣುತ್ತದೆ. ಕೆಂಪು ಮಾತ್ರ ಹೊಸದಾಗಿ ತಯಾರಾಗುವುದು. ಉದುರಿಸುವ ಮುಂಚೆ ಎಲೆಯಲ್ಲಿದ್ದ ಸಾರಜನಕ, ರಂಜಕಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಮರ ವಾಪಸ್ ಎಳೆದುಕೊಳ್ಳುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರದ ಕೋಶಗಳು ಸಡಿಲವಾಗುತ್ತವೆ, ಅದರ ಕೆಳಗೆ ಗಾಯ ಮುಚ್ಚುವ ಇನ್ನೊಂದು ಪದರ ಕೂಡುತ್ತದೆ. ಗಾಳಿ ಬರೀ ಕೊನೆಯ ಕೆಲಸ ಮಾಡುತ್ತದೆ. ಮರುದಿನ ಒಂದು ಕೊಂಬೆ ಬಗ್ಗಿಸಿ ನೋಡಿದೆ. ತೊಟ್ಟು ಇದ್ದ ಜಾಗದಲ್ಲಿ ಒಂದು ಚಿಕ್ಕ ಕಲೆ, ಒಣಗಿ ಮುಚ್ಚಿಕೊಂಡಿತ್ತು. ಅದರ ಸ್ವಲ್ಪ ಮೇಲೆ ಗಟ್ಟಿ ಸಿಪ್ಪೆಯ ಪುಟ್ಟ ಮೊಗ್ಗು. ಮುಂದಿನ ವರ್ಷದ ಎಲೆ ಅದರೊಳಗಿದೆ. ಅದು ಎಲೆ ಉದುರಿದ ಮೇಲೆ ಹುಟ್ಟಿದ್ದಲ್ಲ, ಬೇಸಿಗೆಯಲ್ಲೇ ಆಗಿದ್ದು. ತುಂಬಾ ಹೊತ್ತು ಅದನ್ನು ಬೆರಳಲ್ಲಿ ಮುಟ್ಟಿಕೊಂಡು ನಿಂತಿದ್ದೆ.

ಮುಟ್ಟು ನಿಲ್ಲುವುದನ್ನು ಬದುಕಿನ ಶರತ್ಕಾಲ ಅಂತ ಬರೆಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮರಕ್ಕೆ ಮತ್ತೆ ಚಿಗುರು ಬರುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಕೋಶಗಳಿರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ, ಜೀವಮಾನದಲ್ಲಿ ಬಿಡುಗಡೆಯಾಗುವುದು ಸುಮಾರು 400. ಹೊಸದು ಬರುವುದಿಲ್ಲ. ಅದು ಮುಗಿಯುತ್ತದೆ, ಅಷ್ಟೇ. ಮುಗಿಯಿತು ಅಂತ ಹೇಳಿಕೊಂಡು ಅಳಲು ಒಂದು ದಿನ ಬೇಕಾಗುತ್ತದೆ, ಮತ್ತೆ ಮಗು ಬೇಡವಾಗಿದ್ದರೂ ಬೇಕಾಗುತ್ತದೆ. ನಾನು ಆ ದಿನವನ್ನು ತಗೊಂಡೆ.

ತಜ್ಞರ ಭೇಟಿಯ ದಿನ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಅವರು ಪುಟ ತಿರುಗಿಸಿ ತಿರುಗಿಸಿ ಓದಿದರು, ನಡುವೆ ಮಾತಾಡಲಿಲ್ಲ. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗಿದ್ದವು. ನಾನು ಎಫ್‌ಎಸ್‌ಎಚ್ ಹಾರ್ಮೋನ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದೆ. ಬೇಡ ಅಂದರು. 45 ದಾಟಿದವರಲ್ಲಿ ಲಕ್ಷಣ ನೋಡಿಯೇ ಹೇಳಬಹುದು, ಆ ಹಾರ್ಮೋನ್ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿಯಲ್ಲೂ ಹೀಗೇ ಇದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ದೊಡ್ಡ ದೊಡ್ಡ ಹಾರ್ಮೋನ್ ಪ್ಯಾಕೇಜುಗಳಿಗೆ ಸುಮ್ನೆ ದುಡ್ಡು ಸುರಿಯುವವರನ್ನು ನೋಡಿದ್ದೇನೆ. 40ಕ್ಕಿಂತ ಮೊದಲೇ ಮುಟ್ಟು ನಿಂತರೆ ಲೆಕ್ಕ ಬೇರೆ, ಅವರಿಗೆ ಪರೀಕ್ಷೆ ಬೇಕೇ ಬೇಕು, ತಡ ಮಾಡಬಾರದು. ನನಗೆ ಮಾಡಿಸಿದ್ದು ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್, ಸಕ್ಕರೆ, ಮತ್ತೆ ಗರ್ಭಕೋಶದ ಸ್ಕ್ಯಾನ್. ಥೈರಾಯ್ಡ್ ಜಾಸ್ತಿಯಾದರೂ ಬಿಸಿ, ಎದೆಬಡಿತ, ನಿದ್ದೆಗೇಡು ಬರುತ್ತದೆ, ಅದಕ್ಕೇ ನೋಡುವುದು. ನನ್ನದು ಸರಿ ಇತ್ತು. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಮಾತ್ರ ನೆಲಕಚ್ಚಿತ್ತು, ವಿಪರೀತ ರಕ್ತಸ್ರಾವದಿಂದ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದು ಅದಕ್ಕೆ. ಮೊದಲ ವೈದ್ಯರು ಒಂದು ರಕ್ತಪರೀಕ್ಷೆ ಬರೆದಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ?

ಮುಂದಿನದು ಹಾರ್ಮೋನ್ ಚಿಕಿತ್ಸೆಯ ಮಾತು, ಅಂದರೆ ಕಡಿಮೆಯಾದ ಈಸ್ಟ್ರೋಜನ್ನನ್ನು ಹೊರಗಿನಿಂದ ಕೊಡುವುದು. ಇದರ ಬಗ್ಗೆ ನಾನು ಜಾಸ್ತಿ ಓದಿದ್ದೆ. 2002ರಲ್ಲಿ ಅಮೆರಿಕದ ಡಬ್ಲ್ಯುಎಚ್‌ಐ ಅನ್ನುವ ದೊಡ್ಡ ಪ್ರಯೋಗದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು, ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತು ಅಂತ. ಜಗತ್ತಿನಾದ್ಯಂತ ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ವರ್ಷಕ್ಕೆ 10,000 ಹೆಂಗಸರಲ್ಲಿ 8 ಪ್ರಕರಣ ಹೆಚ್ಚು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಈಗ ಬಹುತೇಕ ತಜ್ಞ ಸಂಘಗಳು ಹೇಳುವುದೇನೆಂದರೆ, 60 ದಾಟದ, ಮುಟ್ಟು ನಿಂತು 10 ವರ್ಷ ಆಗದ, ಬೇರೆ ತೊಂದರೆ ಇಲ್ಲದ ಹೆಂಗಸರಿಗೆ ಲಾಭವೇ ಹೆಚ್ಚು ಅಂತ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತಗೊಳ್ಳುವಂತಿಲ್ಲ, ಜೊತೆಗೆ ಗರ್ಭಕೋಶದ ಒಳಪದರವನ್ನು ಕಾಯುವ ಪ್ರೊಜೆಸ್ಟೋಜನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು, ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ಮೊದಲೇ ಹೇಳಬೇಕು.

ಆ ಕೊನೆಯದರಲ್ಲೇ ನಾನು ಸಿಕ್ಕಿಕೊಂಡೆ. ಮಗಳನ್ನು ಹೆತ್ತ ಮೇಲೆ ನನ್ನ ಕಾಲು ಊದಿಕೊಂಡು ಮತ್ತೆ ಆಸ್ಪತ್ರೆ ಸೇರಿದ್ದೆ. ಏನಾಗಿತ್ತು, ಎಲ್ಲಿ ಹೆಪ್ಪುಗಟ್ಟಿತ್ತು, ಎಷ್ಟು ದಿನ ಔಷಧಿ ಕೊಟ್ಟಿದ್ದರು ಅಂತ ಕಾಗದ ಬೇಕು ಅಂದರು. ಅಷ್ಟು ಹಳೆಯ ದಾಖಲೆ ಆ ಆಸ್ಪತ್ರೆಯಲ್ಲಿ ಉಳಿದಿರಲಿಲ್ಲ. ಅರ್ಜಿ ಬರೆದುಕೊಟ್ಟು, ಕಾದು, ಮತ್ತೆ ಹೋಗಿ ಕೇಳಿದರೆ ಇಲ್ಲ ಅನ್ನುವ ಉತ್ತರ ಬಂತು. ಮನೆಯ ಬೀರು, ಅಟ್ಟದ ಮೇಲಿನ ಪೆಟ್ಟಿಗೆ ಎಲ್ಲಾ ತೆಗೆದೆ. ಕೊನೆಗೆ ಸಿಕ್ಕಿದ್ದು ಮಗಳ ಲಸಿಕೆಯ ಕಾರ್ಡಿನ ಜೊತೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಡಿಸ್ಚಾರ್ಜ್ ಕಾಗದ. ಪಕ್ಕದಲ್ಲೇ ಅವಳ ಕೈಗೆ ಕಟ್ಟಿದ್ದ ಗುರುತಿನ ಪಟ್ಟಿ, ನನ್ನ ಎರಡು ಬೆರಳಿಗೂ ಸಾಲದಷ್ಟು ಚಿಕ್ಕದು. ನೆಲದ ಮೇಲೆ ಕೂತು ಅವಳಿಗೆ ಫೋಟೊ ಕಳಿಸಿದೆ. "ಇದು ನಾನಾ?" ಅಂತ ಬರೆದಳು. ಒಂದು ಮಾತು, ನಿಮ್ಮ ಹೆರಿಗೆಯ ಕಾಗದ, ಆಪರೇಷನ್ ಕಾಗದ ಎಷ್ಟೇ ಹಳೆಯದಾಗಿದ್ದರೂ ಬಿಸಾಡಬೇಡಿ. ಮಕ್ಕಳ ದಾಖಲೆಗಳನ್ನು ಜೋಪಾನ ಮಾಡುವ ನಾವು ನಮ್ಮದನ್ನು ಎಲ್ಲೋ ತುರುಕಿರುತ್ತೇವೆ. ಫೋಟೊ ತೆಗೆದು ಇಟ್ಟುಕೊಳ್ಳಿ.

ಕಾಗದ ನೋಡಿ ವೈದ್ಯರು ಮಾತ್ರೆಯ ಈಸ್ಟ್ರೋಜನ್ ಬೇಡ ಅಂದರು, ಅದು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಆ ಅಪಾಯ ಕಡಿಮೆ, ಆದರೂ ರಕ್ತದ ತಜ್ಞರನ್ನು ಕೇಳಿಯೇ ಕೊಡಬೇಕು ಅಂದರು. ಮತ್ತೆ ಇನ್ನೊಂದು ದಿನಾಂಕ, ಮತ್ತೆ ಕಾಯುವುದು. ನಾನು ಹಾರ್ಮೋನ್ ಇಲ್ಲದ ದಾರಿ ಕೇಳಿದೆ. ಖಿನ್ನತೆಗೆ ಕೊಡುವ ಒಂದು ಬಗೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಚೀಟಿ ಓದಿ ನನ್ನ ಮುಖ ಬಾಡಿತು, ಕೊನೆಗೂ ಇವರೂ ಮನಸ್ಸಿನದೇ ಕಾಯಿಲೆ ಅಂತಾರೆ ಅಂತ. ಅವರಿಗೆ ಗೊತ್ತಾಯಿತು. ಇದು ನಿಮ್ಮ ಬೇಜಾರಿಗಲ್ಲ, ಶಾಖ ಹದಮಾಡುವ ಜಾಗದ ಮೇಲೂ ಕೆಲಸ ಮಾಡುತ್ತದೆ ಅಂತ ಕೂರಿಸಿ ವಿವರಿಸಿದರು. ಕೆಲವೇ ವಾರಗಳಲ್ಲಿ ರಾತ್ರಿಯ ಬಿಸಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೊದಲ ದಿನಗಳಲ್ಲಿ ವಾಕರಿಕೆ ಇತ್ತು. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಇದು ನೆನಪಿರಲಿ. ನಿದ್ದೆಗಾಗಿ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯೂ ಸೇರಿತು, ಅದಕ್ಕೂ ಸರದಿ ಇತ್ತು. 2023ರಿಂದ ಈ ಬಿಸಿಗೆಂದೇ ಫೆಜೊಲಿನೆಟಂಟ್ ಅನ್ನುವ ಹಾರ್ಮೋನ್ ಅಲ್ಲದ ಮಾತ್ರೆಯೂ ಬಂದಿದೆ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾ ತಗೊಳ್ಳಬೇಕಾದದ್ದು, ಬೇಕಿದ್ದವರು ಕೇಳಿ ನೋಡಬಹುದು.

ಅಷ್ಟರಲ್ಲಿ ವಸಂತ ಬಂತು, ಹಗಲು ಉದ್ದವಾಯಿತು. ಸಂಜೆಯ ಆ ಭಾರ ತಾನಾಗಿಯೇ ಹೋಯಿತು. ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿಯಾಗುತ್ತಾ ಬಂತು, ಆದರೆ ರಾತ್ರಿಯ ಬಿಸಿಯ ಸಾಲು, ಕಡಿಮೆಯಾಗಿದ್ದರೂ, ಹಾಗೇ ಇತ್ತು. ಮಗಳ ಸಾಲು ಬೇರೆ. ಅಳು ಬರುತ್ತಿದ್ದದ್ದು ಅವಳ ಫೋನ್ ಬಂದ ದಿನ, ಮಾತಾಡಿ ಇಟ್ಟ ಮೇಲೆ. ಬಿಸಿಗೂ ಫೋನಿಗೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ನೋಡಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಬೆಳಕಿಗೆ ಬೆಳಕಿನ ಉಪಾಯ, ಮೈಗೆ ಮೈಯ ಔಷಧಿ. ಮಗಳ ನೆನಪಿಗೆ ಔಷಧಿ ಬೇಡ, ಅದು ಇರಲಿ.

ಮುಟ್ಟು ದೂರದೂರ ಆಗುತ್ತಾ ಬಂತು. ಎಣಿಸಲು ಶುರುಮಾಡಿದೆ. ವರ್ಷ ತುಂಬಲು ಇನ್ನು ಸ್ವಲ್ಪವೇ ದಿನ ಇದೆ ಅನ್ನುವಾಗ ಮತ್ತೆ ಮುಟ್ಟಾಯಿತು. ಎಣಿಕೆ ಮೊದಲಿನಿಂದ! ಅವತ್ತು ನನಗೆ ಬಂದಷ್ಟು ಸಿಟ್ಟು ಇಡೀ ಅವಧಿಯಲ್ಲಿ ಬಂದಿರಲಿಲ್ಲ. ಇದು ಸಾಮಾನ್ಯ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು, ಅದಕ್ಕೇ ನಾನು ಹೇಳುತ್ತಿದ್ದೇನೆ. ಈ ಅವಧಿಯಲ್ಲಿ ಗರ್ಭ ನಿಲ್ಲುವ ಸಾಧ್ಯತೆಯೂ ಇರುತ್ತದೆ. 50 ದಾಟಿದವರು ಕೊನೆಯ ಮುಟ್ಟಿನ ನಂತರ ಒಂದು ವರ್ಷ, 50ರ ಒಳಗಿನವರು ಎರಡು ವರ್ಷ ಗರ್ಭನಿರೋಧಕ ಬಿಡಬಾರದು. ಇನ್ನೊಂದು, ಪೂರ್ತಿ ವರ್ಷ ತುಂಬಿದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟಲ್ಲ. ಕಾಯದೆ ತೋರಿಸಿ.

ಆ ಸಿಟ್ಟಿನಲ್ಲೇ ಅಮ್ಮನಿಗೆ ಫೋನ್ ಮಾಡಿದ್ದೆ. "ಅಮ್ಮಾ, ನಿಂಗೆ ಯಾವಾಗ ನಿಂತಿತು?" ಅಂತ ಮೊದಲ ಸಲ ಕೇಳಿದೆ. ತಾಯಿಗೆ ಯಾವ ವಯಸ್ಸಿಗೆ ನಿಂತಿತೋ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಮಗಳಿಗೂ ನಿಲ್ಲುವುದುಂಟು, ವೈದ್ಯರು ಕೇಳುತ್ತಾರೆ ಅಂತ ಕೇಳಿದ್ದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಕಾಲೇಜಿಗೆ ಅಂತ ಹೋದ್ಯಲ್ಲ, ಆ ವರ್ಷ" ಅಂದಳು. "ರಾತ್ರಿಯೆಲ್ಲ ಎದ್ದು ಕೂತಿರ್ತಿದ್ದೆ. ನೀನು ಹೋಗಿದ್ದಕ್ಕೇ ಹಿಂಗಾಗ್ತಿದೆ ಅಂದ್ಕೊಂಡಿದ್ದೆ ಕಣೇ." ನಾನು ಆಗ ಊರಿಗೆ ಬಂದಾಗ ಅಮ್ಮ ಯಾಕೆ ಇಷ್ಟು ರೇಗುತ್ತಾಳೆ ಅಂತ ಅಪ್ಪನ ಹತ್ತಿರ ದೂರು ಹೇಳಿದ್ದು ನೆನಪಾಯಿತು. ಅಮ್ಮನಿಗೆ ನೋಟ್‌ಬುಕ್ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆಮೇಲೆ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು, ಹಿಂದೆ ಯಾವತ್ತೂ ಆಡದ ಮಾತುಗಳನ್ನು.

ಈಗ ಓದು ವಾಪಸ್ ಬಂದಿದೆ. ಮನಸ್ಸಿನಲ್ಲೇ ಓದುತ್ತೇನೆ, ಅಧ್ಯಾಯ ಅಧ್ಯಾಯವೇ ಮುಗಿಯುತ್ತದೆ. ಇತ್ತೀಚೆಗೆ ಓದಿದ್ದು ಒರ್ಕಾ ತಿಮಿಂಗಿಲಗಳ ಬಗ್ಗೆ. ಹೆರುವ ಕಾಲ ಮುಗಿದ ಮೇಲೂ ದೀರ್ಘಕಾಲ ಬದುಕುವ ಜೀವಿಗಳು ತುಂಬಾ ಕಡಿಮೆ, ಮನುಷ್ಯರು ಮತ್ತು ಕೆಲವು ಜಾತಿಯ ಹಲ್ಲಿನ ತಿಮಿಂಗಿಲಗಳು ಅದರಲ್ಲಿ ಸೇರುತ್ತವೆ. ಉಗಾಂಡದ ಕಿಬಾಲೆ ಕಾಡಿನ ಒಂದು ಚಿಂಪಾಂಜಿ ಗುಂಪಿನಲ್ಲೂ ಹೀಗಿದೆ ಅಂತ 2023ರಲ್ಲಿ ಪ್ರಕಟವಾಯಿತು. ಒರ್ಕಾ ಹೆಣ್ಣು 40ರ ಸುಮಾರಿಗೆ ಹೆರುವುದು ನಿಲ್ಲಿಸುತ್ತದೆ, ಆಮೇಲೆ ಕೆಲವು ದಶಕಗಳೇ ಬದುಕಬಹುದು. ಸಾಲ್ಮನ್ ಮೀನು ಕಡಿಮೆ ಇರುವ ವರ್ಷಗಳಲ್ಲಿ ಗುಂಪಿನ ಮುಂದೆ ಹೆಚ್ಚಾಗಿ ಈಜುವುದು ಈ ವಯಸ್ಸಾದ ಹೆಣ್ಣುಗಳೇ ಅಂತ 2015ರ ಅಧ್ಯಯನ ಹೇಳುತ್ತದೆ. ಇಷ್ಟನ್ನು ಓದಿ ಖುಷಿಯಾಯಿತು. ಪೆಸಿಫಿಕ್ ಸಾಗರದಲ್ಲಿ ಮೀನು ತಿಂದು ಬದುಕುವ ಆ ಒರ್ಕಾ ಗುಂಪುಗಳಲ್ಲಿ ಮಗನೂ ಮಗಳೂ ಜೀವನಪೂರ್ತಿ ತಾಯಿಯ ಜೊತೆಯಲ್ಲೇ ಇರುತ್ತವಂತೆ. ಅದನ್ನು ಮಗಳಿಗೆ ಓದಿ ಹೇಳಿದೆ. "ನಾನು ರಜೆಗೆ ಬರ್ತೀನಲ್ಲಮ್ಮಾ" ಅಂದಳು. ಬಂದಾಗ ಬಚ್ಚಲ ನೆಲ ಒದ್ದೆಯಾಗಿತ್ತು, ಬಕೆಟ್ಟು ದಾರಿಗೆ ಅಡ್ಡ ಇತ್ತು, ನಾನು ರೇಗಿದೆ.

ಇನ್ನು ಉಳಿದಿರುವುದು ಮೂಳೆಯ ಪರೀಕ್ಷೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಅಮ್ಮನಿಗೆ ಸೊಂಟದ ಮೂಳೆ ಮುರಿದಿತ್ತು ಅಂತ ಹೇಳಿದ ಮೇಲೆ ವೈದ್ಯರು ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ತಂದೆ ತಾಯಿಗೆ ಹಾಗಾಗಿದ್ದರೆ ನೀವೂ ಹೇಳಿ, ತಾವಾಗಿ ಎಲ್ಲರೂ ಕೇಳುವುದಿಲ್ಲ. ವರದಿಯಲ್ಲಿ ಟಿ-ಸ್ಕೋರ್ ಅನ್ನುವ ಅಂಕಿ ನೋಡಬೇಕು, -1ರವರೆಗೆ ಸರಿ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನನಗೆ ಮುಂದಿನ ತಿಂಗಳಿಗೆ ದಿನಾಂಕ ಸಿಕ್ಕಿದೆ. ನೋಟ್‌ಬುಕ್ಕಿನಲ್ಲಿ ಇನ್ನೂ ಪುಟಗಳಿವೆ, ಫಲಿತಾಂಶ ಬಂದ ಮೇಲೆ ಅದನ್ನೂ ಬರೆದು ಹೇಳುತ್ತೇನೆ.